ಮಾವ ಗುಂಡಿ ಒತ್ತದ ಆಟ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಗೆಲುವು ಅಂತ ನನ್ನ ಜನ್ಮದಲ್ಲಿ ಇದ್ದದ್ದು ಒಂದೇ ಒಂದು. ಹದಿನೇಳನೇ ವಯಸ್ಸಿನಲ್ಲಿ ಗುಂಡ್ಲುಪೇಟೆಯಲ್ಲಿ, ಚೆಸ್ ಆಡುವ ಮಿಷನ್ನೊಂದನ್ನು ನಾನು ಸೋಲಿಸಿದ್ದೆ. ಅದನ್ನು ಯಾರಾದರೂ ಹಗುರ ಮಾಡಿ ಮಾತಾಡಿದರೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಆ ಮಿಷನ್ ನನ್ನ ಸೋದರಮಾವನದು. ಮಾವ ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದರು. ಅಲ್ಲಿಗೆ ಈರುಳ್ಳಿ ಕೊಳ್ಳಲು ಬರುತ್ತಿದ್ದ ಕೇರಳದ ವ್ಯಾಪಾರಿಯೊಬ್ಬರು, ದುಬೈಯಿಂದ ತಮ್ಮ ಭಾವ ತಂದದ್ದು, ಮನೆಯಲ್ಲಿ ಆಡುವವರಿಲ್ಲ ಎಂದು ಅದನ್ನು ಮಾವನ ಕೈಗೆ ಕೊಟ್ಟು ಹೋಗಿದ್ದರು. ನೋಡಲು ಮಾಮೂಲಿ ಚೆಸ್ ಹಲಗೆಯೇ, ಸ್ವಲ್ಪ ದಪ್ಪ. ಕಾಯಿಯನ್ನು ಮನೆಯ ಮೇಲೆ ಒತ್ತಿ ಇಟ್ಟರೆ ಅದಕ್ಕೆ ತಿಳಿಯುತ್ತಿತ್ತು. ತಾನು ಯಾವ ಕಾಯಿ ಎಲ್ಲಿಗೆ ನಡೆಸಬೇಕು ಎಂಬುದನ್ನು ಅಂಚಿನ ಪುಟ್ಟ ಕೆಂಪು ದೀಪ ಹಚ್ಚಿ ತೋರಿಸುತ್ತಿತ್ತು. ಕಾಯಿ ಎತ್ತಿಡುವ ಕೆಲಸ ನಮ್ಮದು.

ಮಾವನಿಗೆ ಚದುರಂಗ ಮೊದಲೇ ಗೊತ್ತಿತ್ತು, ಆದರೆ ನಮ್ಮ ಕಡೆಯ ಚದುರಂಗ. ಅದರಲ್ಲಿ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಮಾವ ಹಾರಿಸಿದರೆ ಮಿಷನ್ ಕುಂಯ್ ಎಂದು ಕೂಗಿಕೊಳ್ಳುತ್ತಿತ್ತು, ಒಪ್ಪುತ್ತಲೇ ಇರಲಿಲ್ಲ. “ಇದ್ಯಾವ ಸೀಮೆ ರಾಜ್ನಪ್ಪಾ, ಒಂದ್ ನೆಗೆತ ನೆಗಿಯಕ್ಕಾಗ್ದೋನು!” ಎಂದು ಮಾವ ಬೈಯುತ್ತಿದ್ದರು. ಬೈದು ಬೈದು ಕೊನೆಗೆ ಅದರ ನಿಯಮವನ್ನೇ ಕಲಿತರು, ನನಗೂ ಕಲಿಸಿದರು. ಪಿಯುಸಿ ಓದಲು ಅವರ ಮನೆಯಲ್ಲೇ ಇದ್ದ ನಾನು ಕಾಲೇಜು ಬಿಟ್ಟ ಕೂಡಲೇ ಮಾರುಕಟ್ಟೆಗೆ ಓಡಿ, ಖಾಲಿ ಚೀಲಗಳ ಅಟ್ಟಿಯ ಮೇಲೆ ಕೂತು ಆಡುತ್ತಿದ್ದೆ. ಎದುರು ಮಾವ ಕೂತು ಮಿಷನ್ನಿನ ಕಾಯಿ ನಡೆಸಿಕೊಡುತ್ತಿದ್ದರು.

ಒಂದು ಪದ್ಧತಿಯನ್ನು ಮಾತ್ರ ಮಾವ ಬಿಡಲಿಲ್ಲ. ದೀಪ ಮಿಣುಕಿಸುತ್ತ ಮಿಷನ್ ಯೋಚಿಸುತ್ತಿದ್ದರೆ, ಇವರು ಹರಾಜಿನ ದನಿಯಲ್ಲೇ “ಒಂದ್ ಸಾರಿ... ಎರಡ್ ಸಾರಿ... ಮೂರ್ ಸಾರಿ!” ಎಂದು ಕೂಗಿ ಬಲಗಡೆಯ ಗುಂಡಿಯೊಂದನ್ನು ಒತ್ತುತ್ತಿದ್ದರು. ಒತ್ತಿದ ಕೂಡಲೇ ಅದು ನಡೆ ತೋರಿಸುತ್ತಿತ್ತು. ಹಾಗೆ ಒತ್ತಿದರೆ ಮಾತ್ರ ಅದು ಆಡುವುದು ಎಂದೇ ನಾವೆಲ್ಲ ತಿಳಿದಿದ್ದೆವು. ಜೊತೆಗೆ ಬಂದಿದ್ದ ಪುಸ್ತಕ ಯಾವುದೋ ದೇಶದ ಭಾಷೆಯಲ್ಲಿತ್ತು. ಅದರ ಹಾಳೆಗಳು ಬೋಂಡ ಕಟ್ಟಲು ಹೋಗಿ ಯಾವ ಕಾಲವಾಯಿತೋ. ಮೂರು ಕೂಗಿನ ಮೇಲೂ ಯೋಚನೆ ಮಾಡುತ್ತ ನಿಂತವನಿಗೆ ಈರುಳ್ಳಿಯೂ ಸಿಕ್ಕುವುದಿಲ್ಲ, ಸಿಪ್ಪೆಯೂ ಸಿಕ್ಕುವುದಿಲ್ಲ ಎಂಬುದು ಆ ಮಾರುಕಟ್ಟೆಯ ಕಾನೂನು. ಮಿಷನ್ನಿಗೂ ಅದೇ ಕಾನೂನು.

ಅದರಲ್ಲಿ ಆರು ಲೆವೆಲ್ಲುಗಳಿದ್ದವು. ಆರನೆಯದು ಎಲ್ಲಕ್ಕಿಂತ ಕಷ್ಟದ್ದು. ಒಂದು ಸಂಜೆ ಆ ಆರನೇ ಲೆವೆಲ್ಲಿನಲ್ಲಿ, ಹಮಾಲರು, ಲಾರಿ ಡ್ರೈವರುಗಳು, ಟೀ ಅಂಗಡಿಯವರೆಲ್ಲ ಸುತ್ತ ನಿಂತು ನೋಡುತ್ತಿರುವಾಗ ನಾನು ಗೆದ್ದೆ. ಮಾವ ತಕ್ಕಡಿಯ ಪಕ್ಕದಲ್ಲೇ ಕುಣಿದರು. ಅವತ್ತಿನಿಂದ ಯಾವ ಮದುವೆಗೆ ಹೋಗಲಿ, ಯಾವ ತಿಥಿಗೆ ಹೋಗಲಿ, “ನಮ್ ಕೂಸು ಕಂಪ್ಯೂಟರನ್ನೇ ಮಕಾಡೆ ಮಲಗಿಸ್ಬುಟ್ಳು, ಅದೂ ಆರ್ನೇ ಲೆವೆಲ್ಲು” ಎಂಬ ಕಥೆ ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ. ನಾನೇನೂ ತಡೆಯುತ್ತಿರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕಥೆ ಕೇಳಲೆಂದೇ ಕೆಲವು ಮದುವೆಗಳಿಗೆ ಹೋಗಿದ್ದೇನೆ.

ಈಗ ನನಗೆ ಐವತ್ತು ಹತ್ತಿರ. ಚಾಮರಾಜನಗರದಲ್ಲಿ ರೇಷ್ಮೆ ಇಲಾಖೆಯಲ್ಲಿ ನೌಕರಿ. ನನ್ನ ಅಣ್ಣನ ಮಗಳು ಇಲ್ಲೇ ಇಂಜಿನಿಯರಿಂಗ್ ಓದುತ್ತ ನಮ್ಮ ಮನೆಯಲ್ಲಿದ್ದಾಳೆ. ಬುದ್ಧಿವಂತೆ, ಬಾಯಿ ಮಾತ್ರ ನನ್ನದೇ. ಈ ವರ್ಷ ಅವಳು ಆನ್‌ಲೈನಿನಲ್ಲಿ ಹೊಸ ಚೆಸ್ ಮಿಷನ್ ತರಿಸಿಕೊಂಡಳು. ಅದು ಮಾತಾಡುತ್ತದೆ! ಚೆಕ್ ಕೊಟ್ಟರೆ ಇಂಗ್ಲಿಷಿನಲ್ಲಿ ಹೇಳುತ್ತದೆ, ನಾವು ತಪ್ಪು ನಡೆ ಆಡಿದರೆ ನಗುತ್ತದೆ, ನೀಲಿ ಹಸಿರು ದೀಪ ಬೇರೆ. ನಾನು ಪಕ್ಕದಲ್ಲಿ ನಿಂತು, ನಾನೂ ಒಂದು ಕಾಲದಲ್ಲಿ, ಎಂದು ಶುರು ಮಾಡಿದೆ.

“ಗೊತ್ತು ಬಿಡತ್ತೆ, ಆರನೇ ಲೆವೆಲ್ಲು” ಎಂದಳು. “ಆ ಕಾಲದ ಡಬ್ಬದಲ್ಲಿ ಏನಿರ್ತಿತ್ತು? ಕ್ಯಾಲ್ಕುಲೇಟರಿಗಿಂತ ಒಂಚೂರು ಜಾಸ್ತಿ. ನನ್ನ ಮಿಷನ್ ಅದನ್ನ ಅರ್ಧ ಗಂಟೇಲಿ ಮುಗಿಸುತ್ತೆ. ಅದನ್ನ ಸೋಲಿಸೋದು ಏನ್ ಮಹಾ?”

ಮೈಯೆಲ್ಲ ಉರಿದುಹೋಯಿತು. ಎದುರಾಳಿ ದಡ್ಡನಾಗಿದ್ದರೆ ನನ್ನ ಗೆಲುವಿಗೆ ಮೂರು ಕಾಸಿನ ಬೆಲೆಯಿಲ್ಲ ಎಂದು ಅರ್ಥವಾಗದಷ್ಟು ದಡ್ಡಿಯಲ್ಲ ನಾನು. “ಆಡಿಸೇ ಬಿಡನ, ಯಾವುದು ಗೆಲ್ಲುತ್ತೋ ನೋಡನ!” ಎಂದೆ.

ಮಾವನಿಗೆ ಈಗ ಎಂಬತ್ತರ ಮೇಲೆ. ಫೋನ್ ಮಾಡಿದ್ದೇ ತಡ, ಮುಂದಿನ ಭಾನುವಾರ ಮಿಷನ್ನನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ಬಂದಿಳಿದರು. ಸೆಲ್ಲು ಹಾಕುವ ಜಾಗದ ತುಕ್ಕನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಕೆಂಪು ದೀಪ ಹತ್ತಿದಾಗ ಮಾವನ ಕಣ್ಣಲ್ಲಿ ನೀರು. ಎರಡು ಮಿಷನ್ನುಗಳನ್ನೂ ಊಟದ ಮೇಜಿನ ಮೇಲೆ ಎದುರುಬದುರು ಇಟ್ಟೆವು. ಒಂದರ ನಡೆಯನ್ನು ಇನ್ನೊಂದರ ಹಲಗೆಯ ಮೇಲೆ ಆಡಿ ತೋರಿಸುವುದು. ಎರಡಕ್ಕೂ ಒಂದೇ ಸಮಯ ಇರಬೇಕು ಎಂದಳು ಹುಡುಗಿ. ಹಳೆಯದರ ಆರನೇ ಲೆವೆಲ್ಲೆಂದರೆ ಒಂದು ನಡೆಗೆ ಹೆಚ್ಚೂಕಡಿಮೆ ಎರಡು ನಿಮಿಷ ಎಂದು ಫೋನಿನಲ್ಲಿ ಹುಡುಕಿ, ಹೊಸದಕ್ಕೂ ಎರಡು ನಿಮಿಷ ಇಟ್ಟಳು. ಹೊಸದರ ಮುಂದೆ ಅವಳು, ಹಳೆಯದರ ಮುಂದೆ ಮಾವ, ಅದೇ ಮೂರು ಕೂಗು, ಅದೇ ಗುಂಡಿ.

ಮೊದಲನೇ ಆಟ ಸೋತೆವು. ಎರಡನೆಯದೂ ಸೋತೆವು. ಒಂದರಲ್ಲಿ ನಮ್ಮ ಮಿಷನ್ ಮಂತ್ರಿಯನ್ನೇ ಸುಮ್ಮನೆ ಕೊಟ್ಟುಬಿಟ್ಟಿತು. ಆ ಹೊಸದು ಪ್ರತಿ ಸಲವೂ ಕಿಸಕ್ಕನೆ ನಕ್ಕಿತು. ಅದನ್ನು ಎತ್ತಿ ಬಾವಿಗೆ ಹಾಕಬೇಕು ಅನ್ನಿಸಿತು. “ನೋಡಿದ್ಯಾ ಅತ್ತೆ?” ಎಂದಳು ಇವಳು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ದಡಬಡ ಸದ್ದು ಮಾಡಿ ಜೋಡಿಸಿದೆ.

ಮೂರನೇ ಆಟದ ನಡುವೆ ಮಾವ ಬಚ್ಚಲಿಗೆ ಹೋದರು. ಆ ವಯಸ್ಸಿಗೆ ಅದೇನು ಬೇಗ ಮುಗಿಯುವ ಕೆಲಸವಲ್ಲ. ಹಳೆಯ ಮಿಷನ್ನಿನ ಸರದಿ. ಕೂಗುವವರೂ ಇಲ್ಲ, ಗುಂಡಿ ಒತ್ತುವವರೂ ಇಲ್ಲ. ನಾನೂ ಅವಳೂ ಕಾಯುತ್ತ ಕೂತೆವು. ಎರಡು ನಿಮಿಷವಾಯಿತೋ ಇಲ್ಲವೋ, ಮಿಷನ್ ತನ್ನಷ್ಟಕ್ಕೆ ತಾನೇ ಕುಂಯ್ ಎಂದು ದೀಪ ಹಚ್ಚಿ ನಡೆ ತೋರಿಸಿತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಅತ್ತೆ, ಇದು ತಾನಾಗೇ ಆಡುತ್ತಾ? ಗುಂಡಿ ಒತ್ತಿದ್ರೇನೇ ಆಡೋದು ಅಂದ್ಕೊಂಡಿದ್ದೆ ನಾನು!”

“ನಾನೂ ಅಷ್ಟೇ ಕಣೇ.”

ಫೋನಿನಲ್ಲಿ ಆ ಮಿಷನ್ನಿನ ಪುಸ್ತಕವನ್ನೇ ಹುಡುಕಿ ತೆಗೆದಳು. ಆ ಗುಂಡಿ ಏನೆಂದರೆ: ಮಿಷನ್ ಯೋಚಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಅಷ್ಟರಲ್ಲಿ ಹೊಳೆದದ್ದನ್ನು ಆಡಿಬಿಡಬೇಕು ಎಂಬ ಆಜ್ಞೆ. ಎರಡು ನಿಮಿಷ ಯೋಚಿಸಬೇಕಾದ ಪ್ರಾಣಿಗೆ ನಮ್ಮ ಮಾವ ಹತ್ತು ಸೆಕೆಂಡೂ ಕೊಡುತ್ತಿರಲಿಲ್ಲ! ಬಚ್ಚಲಿನಿಂದ ಬಂದ ಮಾವನಿಗೆ ಹೇಳಿದರೆ, “ಅಯ್ಯೋ ಶಿವನೇ! ಮೂವತ್ತ್ ವರ್ಸ ಅದ್ರ ಕತ್ತ್ ಇಸುಕ್ಬುಟ್ನಲ್ಲಾ!” ಎಂದು ತಲೆಯ ಮೇಲೆ ಕೈ ಹೊತ್ತು ಕೂತರು.

ಆ ಆಟವನ್ನು ಕೆಡಿಸಿ ಹೊಸದಾಗಿ ಶುರು ಮಾಡಿದೆವು. ಮಾವನಿಗೆ ಬಾಯಿ ತುರಿಸುತ್ತಿತ್ತು. ಬೆರಳಂತೂ ತಾನಾಗೇ ಗುಂಡಿಯ ಕಡೆ ಹೋಗುತ್ತಿತ್ತು. ಕೊನೆಗೆ ಎರಡೂ ಅಂಗೈಗಳನ್ನು ಕುಂಡಿಯ ಕೆಳಗಿಟ್ಟುಕೊಂಡು ಕೂತರು, ಕಾಯಿಗಳನ್ನು ನಾನೇ ನಡೆಸಿದೆ. ಉಪ್ಪುಸಾರು ಆರಿತು, ಮುದ್ದೆ ಗಟ್ಟಿಯಾಯಿತು, ಯಾರೂ ಏಳಲಿಲ್ಲ. ಹಳೆಯ ಮಿಷನ್ ಒಂದೊಂದೇ ಕಾಲಾಳನ್ನು ತಿಂದು, ಆನೆಯನ್ನು ಕಟ್ಟಿಹಾಕಿ, ಆ ಮಾತಿನಮಲ್ಲಿಯನ್ನು ಮೂಲೆಗೆ ತಳ್ಳಿ ಮೇಟ್ ಮಾಡಿತು. ಸೋತಾಗ ನಗುವುದನ್ನು ಅದಕ್ಕೆ ಕಲಿಸಿರಲಿಲ್ಲವೆಂದು ಕಾಣುತ್ತದೆ. ಸಂಜೆ ಇನ್ನೊಂದು ಆಟ, ಅದೂ ನಮ್ಮದೇ. “ತುಂಬಿದ್ ಕೊಡ ತುಳುಕದಿಲ್ಲ ಕಣಮ್ಮಿ” ಎಂದು ಮಾವ ಹುಡುಗಿಯ ಬೆನ್ನು ತಟ್ಟಿದರು.

ಅವಳು ಜಗ್ಗುವವಳಲ್ಲ. ತನ್ನ ಫೋನನ್ನೇ ಹಳೆಯದರ ಎದುರು ಆಡಿಸಿದಳು. ಫೋನು ಕಣ್ಣು ಮಿಟುಕಿಸುವುದರಲ್ಲಿ ನಡೆ ಹೇಳಿ ಇದನ್ನು ಪುಡಿಪುಡಿ ಮಾಡಿತು. ಆಮೇಲೆ ತನ್ನ ಹೊಸ ಮಿಷನ್ನನ್ನೂ ಅದೇ ಫೋನಿನ ಬಾಯಿಗೆ ಕೊಟ್ಟಳು, ಅದೂ ಪುಡಿ. “ಹೊಸದು ಅಂದ್ರೆ ಎಲ್ಲಾ ಒಂದೇ ಅಲ್ಲ ಅತ್ತೆ. ನನ್ನ ಮಿಷನ್ನಿಗೆ ದೀಪಕ್ಕೆ, ಮಾತಿಗೆ ಖರ್ಚು ಮಾಡಿದಾರೆ. ನಿಮ್ಮದಕ್ಕೆ ತಲೆಗೆ ಖರ್ಚು ಮಾಡಿದಾರೆ” ಎಂದು ಒಪ್ಪಿಕೊಂಡಳು. ನ್ಯಾಯದ ಮಾತು. ನಾನು ಕುಣಿಯಬೇಕಾಗಿತ್ತು.

ಕುಣಿಯಲಿಲ್ಲ. ಬಚ್ಚಲಿನ ಬಾಗಿಲು ಮಾವನ ಹಿಂದೆ ಮುಚ್ಚಿಕೊಂಡು ಮಿಷನ್ ತಾನಾಗೇ ಕೂಗಿದ ಕ್ಷಣದಿಂದ ನನ್ನ ಎದೆಯೊಳಗೆ ಕಲ್ಲು ಕೂತಿತ್ತು. ಮಿಷನ್ನಿನ ಮಾನವೇನೋ ಉಳಿಯಿತು, ನನ್ನದು? ಹದಿನೇಳರಲ್ಲಿ ನಾನು ಸೋಲಿಸಿದ್ದು ಯಾವುದನ್ನು? ಮಾವ ಆವತ್ತೂ ಮೂರು ಸಲ ಕೂಗಿ ಕೂಗಿಯೇ ಆಡಿಸಿದ್ದರು, ಜನ ಸೇರಿದ್ದರಿಂದ ಇನ್ನೂ ಜೋರಾಗಿ. ಯೋಚಿಸಲು ಬಿಡದವನನ್ನು ಸೋಲಿಸಿ, ಅಷ್ಟು ವರ್ಷ ಮದುವೆ ಮದುವೆಯಲ್ಲಿ ಬೀಗಿದ್ದೆನಲ್ಲ ಎಂದು ನಾಚಿಕೆಯಾಗಿ ಅತ್ತೇಬಿಟ್ಟೆ.

“ಯಾಕಮ್ಮಿ, ಗೆದ್ರೂ ಅಳ್ತಿದ್ದಿಯಲ್ಲಾ?” ಎಂದರು ಮಾವ. ಹೇಳಿದೆ. ಅವರ ಮುಖ ಹುಳ್ಳಗಾಯಿತು. “ಓಗ್ಲಿ ಬುಡು, ಗೆಲುವು ಗೆಲುವೇ. ಯಾರ್ಗೂ ಯೋಳದ್ ಬ್ಯಾಡ” ಎಂದರು.

“ಯಾರಿಗೂ ಹೇಳದಿದ್ರೆ ನನಗೆ ಗೊತ್ತಿರಲ್ವಾ ಮಾವ? ಇನ್ನೊಂದು ಸಲ ಆಡ್ತೀನಿ. ಅದು ಪೂರ್ತಿ ಯೋಚನೆ ಮಾಡಲಿ.”

ಮಾವ ಗುಂಡ್ಲುಪೇಟೆಗೆ ವಾಪಸ್ ಹೋಗಲಿಲ್ಲ. ಮುಂದಿನ ಭಾನುವಾರ ಆಡಿದೆ, ಮಿಷನ್ ನನ್ನನ್ನು ಬಟ್ಟೆ ಒಗೆದ ಹಾಗೆ ಒಗೆಯಿತು. ಅಯ್ಯಪ್ಪಾ, ಅದಕ್ಕೆ ಎಷ್ಟು ಕಾಣುತ್ತಿತ್ತು! ನಾನು ಹದಿನೇಳರಲ್ಲಿ ಇದರ ಎದುರು ಕೂತೇ ಇರಲಿಲ್ಲ. ಆ ವಾರವೆಲ್ಲ ಆಫೀಸಿನಿಂದ ಬಂದು ಹುಡುಗಿಯ ಜೊತೆ ಕೂತು ನನ್ನ ತಪ್ಪುಗಳನ್ನೇ ನೋಡಿದೆ. ಅವಳೊಂದು ಗುಟ್ಟು ಹೇಳಿದಳು. ಹಳೆಯ ಮಿಷನ್ನುಗಳು ಹತ್ತಿರದ್ದನ್ನು ಬಹಳ ಚೆನ್ನಾಗಿ ನೋಡುತ್ತವೆ, ಬಲು ದೂರದ್ದನ್ನು ನೋಡಲಾರವು. ಕಾಯಿಗಳೆಲ್ಲ ಖಾಲಿಯಾಗಿ ರಾಜ, ಕಾಲಾಳುಗಳಷ್ಟೇ ಉಳಿದರೆ ನೀನೇ ಮೇಲು, ಎಂದಳು. ಅದರ ಮುಂದಿನ ವಾರ ಸಮ ಮಾಡಿಕೊಂಡೆ.

ಅದರ ಮರುವಾರ, ನನ್ನ ಮೂರನೇ ಆಟಕ್ಕೆ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೂತೆ. ಮಿಷನ್ನಿನ ಕಾಯಿ ನಡೆಸಲು ಹುಡುಗಿ. ಮಾವ ಗೋಡೆಗೊರಗಿ, ಕೈಗಳ ಮೇಲೆ ಕೂತಿದ್ದರು. ಮಂತ್ರಿಗೆ ಮಂತ್ರಿ, ಆನೆಗೆ ಆನೆ, ಸಿಕ್ಕಿದ್ದನ್ನೆಲ್ಲ ಬದಲು ಮಾಡಿದೆ. ಒಮ್ಮೆ ಅದು ಪೂರಾ ಎರಡು ನಿಮಿಷ ಯೋಚಿಸಿತು, ನನಗೆ ಎರಡು ದಿನ ಕಂಡಿತು. ಯೋಚಿಸು ತಾಯಿ, ಚೆನ್ನಾಗಿ ಯೋಚಿಸು ಎಂದು ಮನಸ್ಸಿನಲ್ಲೇ ಹೇಳಿದೆ. ಕೊನೆಗೆ ಅದರ ರಾಜ, ಮೂರು ಕಾಲಾಳು. ನನ್ನ ರಾಜ, ಮೂರು ಕಾಲಾಳು, ಅದರಲ್ಲೊಂದು ದೂರದ ಅಂಚಿನಲ್ಲಿ ಒಂಟಿ. ಆ ಒಂಟಿಯನ್ನು ಮುಂದೆ ಬಿಟ್ಟೆ. ಅದರ ರಾಜ ಅದನ್ನು ಹಿಡಿಯಲು ಅತ್ತ ಓಡಿತು. ನನ್ನ ರಾಜ ಇತ್ತ ಅದರ ಕಾಲಾಳುಗಳ ಹಟ್ಟಿಗೆ ನುಗ್ಗಿ ಒಂದೊಂದನ್ನೇ ತಿಂದಿತು. ನನ್ನ ಉಳಿದೆರಡರಲ್ಲಿ ಒಂದು ಕಾಲಾಳು ಹೆಜ್ಜೆ ಹೆಜ್ಜೆಯಾಗಿ ಕೊನೆಯ ಮನೆ ಮುಟ್ಟಿ ಮಂತ್ರಿಯಾಯಿತು. ಮೇಟ್! ಅಂಚಿನ ದೀಪಗಳೆಲ್ಲ ಒಟ್ಟಿಗೇ ಮಿಣುಕಿದವು. “ಅತ್ತೇ!” ಎಂದು ಕಿರುಚಿದ ಹುಡುಗಿ ನನ್ನನ್ನು ಎತ್ತಿಯೇಬಿಟ್ಟಳು, ನನ್ನ ತೂಕಕ್ಕೂ ಹೆದರದೆ.

ಮಾವ ಜೋಮು ಹಿಡಿದ ಕೈಗಳನ್ನು ಬಿಡಿಸಿಕೊಂಡು ಫೋನ್ ತೆಗೆದರು. ಗುಂಡ್ಲುಪೇಟೆ ಮಾರುಕಟ್ಟೆಯ ತಮ್ಮ ಹಳೆಯ ಹಮಾಲ ಗೆಳೆಯನಿಗೆ, ಬೀದಿಗೆಲ್ಲ ಕೇಳಿಸುವ ಹರಾಜಿನ ದನಿಯಲ್ಲಿ ಕೂಗಿದರು: “ಲೋ, ಕೇಳುಸ್ಕಳ್ಳಾ! ಅಲ್ಲಿರೋರ್ಗೆಲ್ಲಾ ಯೋಳು. ನಾ ಇಷ್ಟ್ ವರ್ಸ ಯೋಳ್ಕಂಡ್ ತಿರುಗ್ತಿದ್ನಲ್ಲಾ, ಅವತ್ತು ಗೆದ್ದಿದ್ದು ಗುಂಡಿ ಒತ್ತಿದ್ ನನ್ ಬೆಳ್ಳು ಕಣ್ಲಾ. ಇವತ್ತು ಇವಳು ಗೆದ್ಲು. ನಾ ಮುಟ್ಟೇ ಇಲ್ಲ ಕಣ್ಲಾ, ಮುಟ್ಟೇ ಇಲ್ಲ!”

ನಾನು ಅವರ ಕೈಯಿಂದ ಫೋನ್ ಕಿತ್ತುಕೊಂಡು, “ಹೌದು ಕಣಣ್ಣಾ, ಗೆದ್ದೆ!” ಎಂದು ಅವರಿಗಿಂತ ಜೋರಾಗಿ ಕೂಗಿದೆ.