ಅಜ್ಜಿ ಎಣ್ಣೆ ಹಚ್ಚಿದ ಬೆಲ್ಟು

ಮೊನ್ನೆ ಅಂಗಡಿಯವನೊಬ್ಬ ಹೊಂಗೆ ಎಣ್ಣೆಯ ಡಬ್ಬದ ಮುಚ್ಚಳ ತೆಗೆದ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಚೀಲ ಕೆಳಗಿಟ್ಟು ನಿಂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇದ್ದೀತು; ಅದರ ಬೆನ್ನಿಗೇ ಈಗಿಲ್ಲದ ಮನೆ, ಈಗಿಲ್ಲದ ಜನ ಬಂದು ನಿಲ್ಲುತ್ತಾರೆ. ಐವತ್ತರ ದಶಕದ ಕೊನೆ, ಶಿಕಾರಿಪುರದ ನಮ್ಮ ಮನೆಯಲ್ಲಿ ಈ ಎಣ್ಣೆ ಅಜ್ಜಿಯ ಸುಪರ್ದಿನಲ್ಲಿತ್ತು. ನೊಗಕ್ಕೆ ಕಟ್ಟುವ ಮಿಣಿ, ಬಾರುಕೋಲಿನ ಬಾರು, ಅಪ್ಪನ ಚಪ್ಪಲಿ, ಚರ್ಮವೆಂದರೆ ಸಾಕು, ಅಮಾವಾಸ್ಯೆಗೊಮ್ಮೆ ಬಿಸಿಲಿಗೆ ಹಾಕಿ ಬಟ್ಟೆಯ ಚೂರಿನಿಂದ ಎಣ್ಣೆ ಕುಡಿಸುತ್ತಿದ್ದಳು. ಅಪ್ಪನ ಬೈಕನ್ನು ಮಾತ್ರ ಮುಟ್ಟಿರಲಿಲ್ಲ. ಯಾವ ಕಾಲದಲ್ಲೋ ಬಿಳಿ ದೊರೆಯೊಬ್ಬ ಬಿಟ್ಟುಹೋದ ಗಾಡಿ ಅದು. ಹಿಂದಿನ ಗಾಲಿಯನ್ನು ಚೈನಿನ ಬದಲು ಉದ್ದನೆಯ ಚರ್ಮದ ಬೆಲ್ಟು ತಿರುಗಿಸುತ್ತಿತ್ತು.

ಒಂದು ಸಂಜೆ ಸೊರಬದಿಂದ ಆಳು ಬಂದ. ಅಲ್ಲಿಗೆ ಕೊಟ್ಟಿದ್ದ ನೀಲತ್ತೆಗೆ, ಅಂದರೆ ಅಪ್ಪನ ತಂಗಿಗೆ, ಜ್ವರ ನೆತ್ತಿಗೇರಿದೆ, ಅವ್ವನನ್ನು ಕೇಳುತ್ತಿದ್ದಾಳೆ ಎಂದ. ಬೆಳಿಗ್ಗೆ ಬೈಕಿನಲ್ಲೇ ಹೋಗುವುದೆಂದಾಯಿತು. ಅಜ್ಜಿ ಬಟ್ಟಲು ತಂದು ಬೆಲ್ಟಿನ ಮುಂದೆ ಕೂತಳು. "ಮಗಳ ತಾವ ಕರ್ಕೊಂಡು ಹೋಗೋದು, ಇದೂ ಒಣಗಬಾರದು," ಎನ್ನುತ್ತ ಗೇಣುಗೇಣಿಗೂ ಎಣ್ಣೆ ತಿಕ್ಕಿದಳು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ.

ಮರುದಿನ ನಾನು ಟ್ಯಾಂಕಿನ ಮೇಲೆ, ಅಜ್ಜಿ ಹಿಂದೆ. ಶಿರಾಳಕೊಪ್ಪದವರೆಗೆ ಚೆನ್ನಾಗಿಯೇ ಬಂದ ಗಾಡಿ, ಅದರಾಚೆಯ ಏರಿನಲ್ಲಿ ಎಂಜಿನ್ ಎಷ್ಟು ಕೂಗಿದರೂ ಮುಂದೆ ಹೋಗಲೊಲ್ಲದು. "ಕ್ಲಚ್ಚು ಜಾರಾಕತ್ತೈತಿ," ಎಂದ ಅಪ್ಪ. ಹೋದ ಮಳೆಗಾಲದಲ್ಲಿ ಹಾಗೇ ಆಗಿದ್ದರಿಂದ ಬೇರೆ ಕಡೆ ನೋಡಲೇ ಇಲ್ಲ. ಮರದ ಕೆಳಗೆ ಕ್ಲಚ್ಚು ಬಿಚ್ಚಿ, ಬಿಲ್ಲೆಗಳನ್ನು ಒಂದೊಂದಾಗಿ ಪೆಟ್ರೋಲಿನಲ್ಲಿ ತೊಳೆದು ಒರೆಸತೊಡಗಿದ. ದಾರಿಹೋಕ ಎತ್ತಿನ ಗಾಡಿಯವನೊಬ್ಬ, "ಏನ್ರೀ ಸಾಹುಕಾರ್ರೇ, ಕುದುರಿಗೆ ಮೇವು ಹಾಕಿಲ್ಲೇನ್ರೀ? ನಮ್ಮ ಗಾಡಿ ಹಿಂದ ಕಟ್ಟಲೇನು?" ಎಂದು ನಕ್ಕ. ಅಷ್ಟರಲ್ಲಿ ಸೊರಬದ ಬಸ್ಸು ಕಂಡಿತು.

"ಬಸಣ್ಣಾ, ಇದನ್ನ ಇಲ್ಲೇ ಬಿಡೋ. ಬಸ್ಸಿಗೆ ಹೋಗಾಣ," ಎಂದಳು ಅಜ್ಜಿ ಅಪ್ಪನಿಗೆ.

"ಇನ್ನೆರಡು ನಟ್ಟು ಐತವ್ವಾ, ಆತು."

ಬಸ್ಸು ಹೋಯಿತು. ನಟ್ಟು ಬಿಗಿದು ಹೊರಟರೆ ಮತ್ತದೇ ಗೋಳು. ಆಗ ಅಪ್ಪ ಬ್ರೇಕು ಒತ್ತಿಹಿಡಿದು ಗೇರಿಗೆ ಹಾಕಿ ಬಗ್ಗಿ ನೋಡಿದ. ಎಂಜಿನ್ ಬದಿಯಲ್ಲಿ ಬೆಲ್ಟನ್ನು ಎಳೆಯುವ ಸಣ್ಣ ಚಕ್ರ ಗಿರಗಿರ ತಿರುಗುತ್ತಿತ್ತು, ಬೆಲ್ಟು ಮಾತ್ರ ನಿಂತಲ್ಲೇ ನಿಂತಿತ್ತು. ಕ್ಲಚ್ಚು ಜಾರಿದ್ದರೆ ಆ ಚಕ್ರವೂ ನಿಲ್ಲಬೇಕಿತ್ತು. ಬೆಲ್ಟಿನ ಮೇಲೆ ಬೆರಳಾಡಿಸಿ ಮೂಗಿಗೆ ಹಿಡಿದ. ಅಜ್ಜಿಯ ಕಡೆ ನೋಡಿದ. ಅವಳು ಬಸ್ಸು ಹೋದ ದಾರಿಯನ್ನೇ ನೋಡುತ್ತಿದ್ದಳು. ಬೆಲ್ಟಿಗೆ ಪೆಟ್ರೋಲು ಸವರಿ, ಒರೆಸಿ, ಮಣ್ಣು ತಿಕ್ಕಿದ ಮೇಲೆ ಗಾಡಿ ಏರು ಹತ್ತಿತು.

ಸೊರಬದಲ್ಲಿ ನೀಲತ್ತೆಯನ್ನು ಹಣೆಗೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. "ಬಾಗಲಾ ನೋಡ್ತನಾ ಇದ್ಲು. ಜೀವ ಹೋಗಿ ಈಗ ಒಂದು ತಾಸಾತು," ಎಂದರು ಯಾರೋ. ಅಜ್ಜಿ ಅಳಲಿಲ್ಲ. ಮಗಳ ಪಾದ ಹಿಡಿದು ಕೂತಳು, ಅಷ್ಟೆ.

ಊರಿಗೆ ಬಂದ ಮೇಲೆ ಒಂದು ದಿನ ಅಜ್ಜಿ ಅಪ್ಪನನ್ನು ಕೇಳಿದಳು: "ನಾ ಎಣ್ಣಿ ಹಚ್ಚಿದ್ನಲ್ಲೋ, ಅದರಿಂದೇನಾರ ಆತೇನೋ?"

"ಇಲ್ಲವ್ವಾ, ಕ್ಲಚ್ಚು ಹೋಗಿತ್ತು. ನಿನ್ನ ಎಣ್ಣಿಯಿಂದ್ಲೇ ಅಷ್ಟು ದೂರ ಹೋದ್ವಿ."

ಅದನ್ನು ನಂಬಿದಳು. ನಂಬಿ, ಪ್ರತಿ ಅಮಾವಾಸ್ಯೆಗೂ ಬೆಲ್ಟಿಗೆ ಎಣ್ಣೆ ಹಚ್ಚತೊಡಗಿದಳು. ಅಪ್ಪ ಮರುದಿನ ಗಾಡಿಯನ್ನು ಕೊಟ್ಟಿಗೆಯ ಹಿಂದಕ್ಕೆ ತಳ್ಳಿಕೊಂಡು ಹೋಗಿ, ಪೆಟ್ರೋಲಿನ ಬಟ್ಟೆಯಿಂದ ಅಷ್ಟನ್ನೂ ಒರೆಸಿ ಸಂತೆಗೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಅಜ್ಜಿ ಸಗಣಿ ಬುಟ್ಟಿ ಹೊತ್ತು ಆ ಕಡೆ ಬಂದಳು. ಅಪ್ಪ ಬಟ್ಟೆ ಹಿಡಿದು ಕೂತಿದ್ದವನು ಹಾಗೇ ಕೂತ. ಅಜ್ಜಿ ಆ ಬಟ್ಟೆಯನ್ನೂ ಎಣ್ಣೆ ಒರೆಸಿದ ಬೆಲ್ಟನ್ನೂ ನೋಡಿದಳು. ಅಜ್ಜಿ ಬುಟ್ಟಿ ಇಳಿಸಿ ಒಳಗೆ ಹೋದಳು. ಅವತ್ತು ಊಟಕ್ಕೆ ಏಳಲಿಲ್ಲ.

ಆಮೇಲೂ ಆರು ವರ್ಷ ಇದ್ದಳು. ರೊಟ್ಟಿ ತಟ್ಟಿದಳು, ಮಗನಿಗೆ ಬಡಿಸಿದಳು. ನೀಲತ್ತೆಯ ಹೆಸರು ಮಾತ್ರ ಅವಳ ಬಾಯಿಂದ ಮತ್ತೆ ಬರಲಿಲ್ಲ. ಸೊರಬದವರು ಯಾರಾದರೂ ಮನೆಗೆ ಬಂದರೆ ನೀರು ಕೊಟ್ಟು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಅಪ್ಪ ಅವಳ ಹಿಂದೆ ಎದ್ದು ಹೋಗುತ್ತಿದ್ದ. ಹಿತ್ತಿಲ ಬಾಗಿಲಿನ ತನಕ ಹೋಗಿ, ಅಲ್ಲೇ ನಿಲ್ಲುತ್ತಿದ್ದ.