ಚಾಕಲೇಟಿನ ಊರಲ್ಲಿ ಪುಟ್ಟಕ್ಕ ಡಾಕ್ಟರಾದದ್ದು

ನನ್ನ ಮೊಮ್ಮಗಳು ಡಾಕ್ಟರಾದಳು! ಕೊಡಿಗೇನಹಳ್ಳಿಯವರೇ, ಮಧುಗಿರಿಯವರೇ, ಕೇಳಿ. ಇವತ್ತು ಮಧ್ಯಾಹ್ನ ಇಟಲಿಯ ಈ ತೊರಿನೊ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ಜನ ಪ್ರೊಫೆಸರುಗಳು ಎದ್ದು ನಿಂತು ನಮ್ಮ ಪುಟ್ಟಕ್ಕನನ್ನು 'ದೊತ್ತೊರೆಸ್ಸ' ಎಂದು ಕರೆದರು. ಇಲ್ಲಿ ಯಾವ ವಿದ್ಯೆ ಓದಿ ಮುಗಿಸಿದ ಹೆಣ್ಣನ್ನೂ ಹಾಗೇ ಕರೆಯುತ್ತಾರೆ. ನಮ್ಮವಳು ಓದಿದ್ದು ವೈದ್ಯವನ್ನೇ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು ನಾನು. ಇವತ್ತು ಬರೆಯದೆ ಇರಲಾಗುತ್ತಿಲ್ಲ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ.

ನಾವು ಇಲ್ಲಿಗೆ ಬಂದಾಗ ಅವಳು ಸೊಂಟದ ಮೇಲಿನ ಕೂಸು. ಮೈಸೂರು ಸೀಮೆಗೆ ರೇಷ್ಮೆ ಕೆಲಸ ಕಲಿಸಲು ಬಂದಿದ್ದ ಇಟಲಿಯವರೊಬ್ಬರು ನನ್ನ ಮಗನ ಕೈಚಳಕ ಮೆಚ್ಚಿ ಕರೆತಂದರು. ಮಗ, ಸೊಸೆ, ಕೂಸಿನ ಹಿಂದೆ ನಾನೂ ನನ್ನ ಹೆಂಡತಿ ಗಂಗಮ್ಮನೂ ಹೊರಟೆವು. ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆ, ನಮ್ಮ ತಲೆಯ ಮೇಲೂ ಜನರ ಓಡಾಟ! ಅಂಗಳವಿಲ್ಲ, ಜಗುಲಿಯಿಲ್ಲ. ಮಧುಗಿರಿಯ ಬೆಟ್ಟ ಬಿಸಿಲಿಗೆ ಕಾದ ಬರೀ ಬಂಡೆ. ಇಲ್ಲಿನ ಬೆಟ್ಟಗಳ ಮೇಲೆ ಉಪ್ಪು ಸುರಿದ ಹಾಗೆ ಹಿಮ. ಮಾತಾಡಲು ಜನವಿಲ್ಲದೆ, ಕೂತಲ್ಲಿ ಕೂರಲಾಗದೆ, ಬೀದಿ ಬೀದಿ ಸುತ್ತುತ್ತಿದ್ದೆ.

ಒಂದು ಬೆಳಿಗ್ಗೆ ಹುರಿಯುವ ವಾಸನೆ ಮೂಗಿಗೆ ಬಡಿಯಿತು. ಊರಲ್ಲಿ ಕಡಲೆ ಹುರಿಯುವ ಬಟ್ಟಿ ನಡೆಸಿದವನು ನಾನು, ಕಾಲು ತಾನಾಗಿ ಅತ್ತ ಹೋಯಿತು. ಅದು ಚಾಕಲೇಟು ಮಾಡುವ ಮನೆ. 'ನೊಚ್ಚೊಲ' ಎಂಬ, ಗೋಲಿ ಗಾತ್ರದ ಬೀಜ ಹುರಿಯುತ್ತಿದ್ದರು. ಹಿಂದೊಮ್ಮೆ ಕೋಕೋ ಸಿಗದ ಕಾಲದಲ್ಲಿ ಈ ಬೀಜ ಅರೆದು ಸೇರಿಸಿ ಚಾಕಲೇಟು ಹಿಗ್ಗಿಸಿದರಂತೆ. ಕಾಯಿ ಸಾಲದಿದ್ದರೆ ನಾವು ಚಟ್ನಿಗೆ ಹುರಿಗಡಲೆ ಹಾಕುವುದಿಲ್ಲವೇ, ಹಾಗೆ. ಈಗ ಆ ಬೆರಕೆ ಚಾಕಲೇಟು, 'ಜಾಂದುಯ'ವೇ ಈ ಊರಿನ ಹೆಮ್ಮೆ. ಬೀಜದ ಸದ್ದಿನಲ್ಲೇ ಸೀಯುವುದು ಗೊತ್ತಾಗಿ, ತಡೆಯಲಾರದೆ ಒಳಗೆ ನುಗ್ಗಿ ಒಲೆಯಿಂದ ಇಳಿಸಿಬಿಟ್ಟೆ. ಯಜಮಾನ ಕೂಗಾಡಿದ. ಒಂದು ಬೀಜ ಕಚ್ಚಿ ನೋಡಿ ಇನ್ನೊಂದಕ್ಕೆ ಕೈ ಹಾಕಿದ. ಮರುದಿನದಿಂದ ಹುರಿಯುವ ಕೆಲಸ ನನ್ನದಾಯಿತು.

"ಸಮುದ್ರ ದಾಟ್ಬಂದ್ರೂ ಬಟ್ಟಿ ಬುಡ್ಲಿಲ್ವಲ್ಲ ನಿನ್ನ!" ಎಂದು ಗಂಗಮ್ಮ ನಕ್ಕಳು.

ಆದರೂ ಮನಸ್ಸು ಊರಲ್ಲೇ. ದೊಡ್ಡವಳಾಗಿ ವೈದ್ಯಕ್ಕೆ ಸೇರಿದ ದಿನವೇ ಪುಟ್ಟಕ್ಕ ಹೇಳಿದ್ದಳು: "ಪಾಸಾದ್ರೆ ಮಧುಗಿರಿಗೇ ಹೋಗದು ತಾತ. ಹೆರಿಗೇಲಿ ಸಾಯೋ ಹೆಂಗಸರನ್ನ ನೋಡೋಕೆ ಅಲ್ಲಿ ಯಾರವ್ರೆ? ನೀನೂ ಬರ್ಬೇಕು." ಅಂದಿನಿಂದ ಅವಳ ಪರೀಕ್ಷೆಯೇ ನನಗೆ ಊರಿನ ದಾರಿ.

ಇಲ್ಲಿ ಕೊನೆಯ ಪರೀಕ್ಷೆ ಬಾಯಿಮಾತಿನದು. ಮನೆಯವರು ಹಿಂದೆ ಕೂತು ನೋಡಬಹುದು. ನಾನು ಬಾಗಿಲಲ್ಲಿ ಬೂಟ್ಸು ಬಿಚ್ಚಿಟ್ಟು ಒಳಗೆ ಹೋದೆ. ವಿದ್ಯೆ ಇರುವ ಕಡೆ ಮೆಟ್ಟಿಕೊಂಡು ಹೋಗುವುದುಂಟೇ? ನೆಲದ ಕಲ್ಲು ಕೊರೆಯುತ್ತಿತ್ತು. ಪ್ರೊಫೆಸರು ಏನೋ ಕೇಳಿದರು. ಪುಟ್ಟಕ್ಕ ಸುಮ್ಮನೆ ನಿಂತಳು. ಇನ್ನೊಮ್ಮೆ ಕೇಳಿದರು. ತುಟಿ ಅಲುಗಲಿಲ್ಲ. ಅಷ್ಟರಲ್ಲಿ ಜವಾನ ನನ್ನ ಬೂಟ್ಸು ಎತ್ತಿ ಹಿಡಿದು ಒಳಗೆ ಬಂದ: "ಇದು ಯಾರದ್ದು?"

ಇಡೀ ಸಭೆ ನನ್ನ ಬರಿಗಾಲು ನೋಡಿತು. ಪುಟ್ಟಕ್ಕನೂ ತಿರುಗಿದಳು.

"ಹಾಕ್ಕ ತಾತ, ನೆಗಡಿ ಆಯ್ತದೆ!"

"ಸರಸ್ವತಿ ಮುಂದೆ ಹೆಂಗವ್ವ ಹಾಕ್ಕಳ್ಳಿ? ನೀನು ಮೊದ್ಲು ಉತ್ರ ಹೇಳು!" ಅಂದೆ, ನಮ್ಮ ಮಾತಲ್ಲೇ, ಗಟ್ಟಿಯಾಗಿ.

ಅವಳಿಗೆ ನಗು ಬಂತು. ನಗುತ್ತಲೇ ಪ್ರೊಫೆಸರುಗಳಿಗೆ ನಮ್ಮ ಪದ್ಧತಿ ವಿವರಿಸಿದಳು. ಕಟ್ಟಿದ್ದ ಬಾಯಿ ಬಿಚ್ಚಿತು ನೋಡಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಹರಿಯಿತು.

ಆಮೇಲೆ ಹಿಗ್ಗು ತಡೆಯದೆ ಬೀದಿಯೆಲ್ಲ ಸುತ್ತಿದೆ. ಸಿಕ್ಕವರಿಗೆಲ್ಲ ಅವರ ಮಾತಲ್ಲೇ ಸುದ್ದಿ ಹೇಳಿದೆ. ರೊಟ್ಟಿ ಅಂಗಡಿಯವಳು ನನ್ನ ಕೈ ಹಿಡಿದು ಅತ್ತಳು. ಯಜಮಾನ ಜಾಂದುಯದ ಪೊಟ್ಟಣ ಕೊಟ್ಟ. ಆಗಲೇ ಅನ್ನಿಸಿತು, ಇಲ್ಲಿ ಬೀದಿಗೆ ಬೀದಿಯೇ ನನ್ನನ್ನು ಬಲ್ಲದು. ಊರಲ್ಲಿ ನನ್ನನ್ನು ಹೆಸರು ಹಿಡಿದು ಕೂಗುವವರು ಎಷ್ಟು ಜನ ಉಳಿದಿದ್ದಾರೋ?

ಸಂಜೆ ಐವರೂ ನೆಲದ ಮೇಲೆ ಕೂತೆವು. ಇಲ್ಲಿನವರು ಮುಸುಕಿನಜೋಳದ ಹಿಟ್ಟು ತೊಳಸಿ 'ಪೊಲೆಂತ' ಮಾಡುತ್ತಾರೆ. ಗಂಗಮ್ಮ ಅದನ್ನೇ ಮುದ್ದೆ ಕಟ್ಟಿ ಕಾಳಿನ ಸಾರು ಬಡಿಸಿದಳು.

"ಯಾವಾಗ ಹೊರಡಾನ ತಾತ?" ಪುಟ್ಟಕ್ಕ ಕೇಳಿದಳು.

"ಊರು ಊರು ಅಂತ ಬಡ್ಕಂತಿದ್ದೆ, ಈಗ ಬಾಯಿ ಬುಡು," ಗಂಗಮ್ಮ ಚುಚ್ಚಿದಳು.

ನಾನು ಮುದ್ದೆ ಮುರಿದು ಪುಟ್ಟಕ್ಕನ ತಟ್ಟೆಗೆ ಇನ್ನೊಂದು ತುತ್ತು ಹಾಕಿದೆ.

"ಮೊದ್ಲು ಬಿಸಿಬಿಸಿ ಉಣ್ಣವ್ವ, ಆರೋಯ್ತದೆ."