ಸತ್ತ ಬೋರಿನ ವೈರು

ನಾನು ಹುಟ್ಟು ಹೆದರುಪುಕ್ಕಲಿ. ಮಿಕ್ಸಿಯ ಪ್ಲಗ್ ಚುಚ್ಚುವಾಗಲೂ ಮುಖವನ್ನು ಅತ್ತ ತಿರುಗಿಸಿಕೊಳ್ಳುತ್ತೇನೆ. ಅಂಥವಳಿಗೆ ಸಿಕ್ಕಿರುವ ಕೆಲಸ, ನೆಲ ಅಗೆಯುವವರಿಗೆ ಹೆದರುವುದನ್ನು ಹೇಳಿಕೊಡುವುದು. ಕುಡಿಯುವ ನೀರಿನ ಪೈಪು ಹೂಳುವ ಕಂಟ್ರಾಕ್ಟರ್ ಒಬ್ಬರ ಹತ್ತಿರ ನಾನು ಟ್ರೈನರ್. ಅಗೆಯುವ ಮೊದಲು ನೆಲದೊಳಗೆ ಕರೆಂಟಿನ ಕೇಬಲ್ಲು, ಪೈಪು, ಫೋನಿನ ವೈರು ಎಲ್ಲೆಲ್ಲಿ ಹೋಗಿವೆ ಎಂದು ಹುಡುಕಬೇಕು. ಸಿಕ್ಕ ಕಡೆ ಸುಣ್ಣದ ಗೆರೆ ಎಳೆಯಬೇಕು. ಗೆರೆಯ ಆಸುಪಾಸಿನಲ್ಲಿ ಹಾರೆ ಎತ್ತದೆ ಸಲಿಕೆಯಿಂದ ಮೆಲ್ಲಗೆ ಮಣ್ಣು ಬಿಡಿಸಬೇಕು. ಇಷ್ಟನ್ನೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸುತ್ತಿ ಸುತ್ತಿ ಹೇಳುತ್ತೇನೆ. ಕೇಳುವವರು ಆಕಳಿಸುತ್ತಾರೆ.

ನರಸಾಪುರದ ಫ್ಯಾಕ್ಟರಿಗಳ ಕಡೆ ನನಗೆ ಅಷ್ಟು ಭಯವಿಲ್ಲ. ಅಲ್ಲಿ ಕೇಬಲ್ಲು ನಕ್ಷೆಯಲ್ಲಿರುತ್ತದೆ, ಅದರ ಮೇಲೆ ಎಚ್ಚರಿಕೆಯ ಪಟ್ಟಿ ಹಾಸಿ ಹೂತಿರುತ್ತಾರೆ. ನನಗೆ ಭಯವಾಗುವುದು ಹೊಲಗಳ ಬದಿಗೆ ಬಂದಾಗ. ನಮ್ಮ ಸೀಮೆಯಲ್ಲಿ ಬೋರು ಕೊರೆಸದ ಹೊಲವಿಲ್ಲ. ಬೋರಿನಿಂದ ಸ್ಟಾರ್ಟರ್ ಪೆಟ್ಟಿಗೆಯವರೆಗೆ ವೈರನ್ನು ಅವರವರೇ ಕಪ್ಪು ಪೈಪಿನೊಳಗೆ ತೂರಿಸಿ, ನೇಗಿಲಿಗೆ ಸಿಗದಷ್ಟು ಆಳದಲ್ಲಿ ಹೂತುಬಿಡುತ್ತಾರೆ. ಅದು ಯಾವ ನಕ್ಷೆಯಲ್ಲೂ ಇಲ್ಲ. ಹೂತವನ ತಲೆಯಲ್ಲಿ ಇರುತ್ತದೆ, ಅವನು ಮನೆಯಲ್ಲಿ ಇರುವುದಿಲ್ಲ.

ಇದರ ಜೊತೆಗೆ ಕೇಬಲ್ಲು ಹುಡುಕುವ ನಮ್ಮ ಮಿಷನ್ನಿನ ಚಾಳಿ ಬೇರೆ. ಕೇಬಲ್ಲಿನಲ್ಲಿ ಕರೆಂಟು ಹರಿಯುತ್ತಿದ್ದರೆ ಅದು ಕೂಗುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಹೊಲದ ಲೈನಿಗೆ ಮೋಟರು ಓಡಿಸುವ ತ್ರೀ ಫೇಸ್ ಕರೆಂಟು ಬರುವುದೇ ದಿನದಲ್ಲಿ ಕೆಲವು ಗಂಟೆ, ಅದೂ ಪಾಳಿಯ ಮೇಲೆ. ಉಳಿದ ಹೊತ್ತು ಮಿಷನ್ ಹಿಡಿದು ಓಡಾಡಿದರೆ ನೆಲದಲ್ಲಿ ಏನೂ ಇಲ್ಲವೇನೋ ಅನ್ನಿಸುತ್ತದೆ. ಆ ಮೌನ ನನಗೆ ಕೂಗಿಗಿಂತ ಹೆಚ್ಚು ದಿಗಿಲು.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ತಾಯಲೂರಿನ ಆಚೆ ಒಂದು ಟೊಮೇಟೊ ಹೊಲದ ಬದಿಯಲ್ಲಿ ಕೆಲಸ ನಡೆಯುತ್ತಿತ್ತು. ಆ ಗ್ಯಾಂಗಿನಲ್ಲಿ ನನ್ನ ಅಣ್ಣನೂ ಇದ್ದ. ಫ್ಯಾಕ್ಟರಿಯ ಶಿಫ್ಟು ಒಗ್ಗದೆ ಬಿಟ್ಟು ಬಂದವನು. ನನ್ನ ತರಬೇತಿಗೆ ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದು, ನಾನು ಹೇಳಿದ್ದರಲ್ಲಿ ಒಂದನ್ನೂ ತಲೆಗೆ ಹಾಕಿಕೊಳ್ಳದವನು.

ಬೆಳಿಗ್ಗೆ ಮಿಷನ್ ಹಿಡಿದು ಬದಿಯುದ್ದಕ್ಕೂ ನಡೆದೆ. ಸದ್ದಿಲ್ಲ. ಹತ್ತಿರದಲ್ಲೇ ಒಂದು ಹಳೆಯ ಬೋರಿನ ಕೇಸಿಂಗ್ ಪೈಪು ನಿಂತಿತ್ತು, ಬಾಯಿಗೆ ಚಪ್ಪಡಿ ಮುಚ್ಚಿದ್ದರು. ಅದನ್ನು ನೋಡಿ ಅದರ ಸುತ್ತ ಇನ್ನೆರಡು ಸಲ ಮಿಷನ್ ಆಡಿಸಿದೆ.

"ಮಿಷನ್ ಏನೂ ಹೇಳ್ತಿಲ್ವಲ್ಲ ಮೇಡಂ, ಶುರು ಮಾಡೋಣ" ಅಂದರು ಗ್ಯಾಂಗಿನ ಮೇಸ್ತ್ರಿ.

"ತ್ರೀ ಫೇಸ್ ಬರ್ಲಿ. ಬಂದ್ಮೇಲೆ ಇನ್ನೊಂದ್ಸಲ ನೋಡ್ತೀನಿ. ಅಲ್ಲೀವರ್ಗೂ ಯಾರೂ ಹಾರೆ ಮುಟ್ಬೇಡಿ."

"ಲೇ ಅಮ್ಮಣ್ಣಿ, ಅದು ಸತ್ತೋಗಿರೋ ಬೋರು ಕಣೇ" ಅಂದ ಅಣ್ಣ. "ಮೋಟ್ರು ಎತ್ತಿ ಕಲ್ಲು ಮುಚ್ಚವ್ರೆ. ಅದಕ್ಕೂ ಹೆದರ್ಕೊಂಡ್ರೆ ಹೆಂಗೆ?"

ಗ್ಯಾಂಗು ಪೂರ್ತಿ ನಕ್ಕಿತು. ಅವರದೊಂದೇ ತಪ್ಪು ಅನ್ನಲಾರೆ. ನಮ್ಮಲ್ಲಿ ಬೋರಿನ ಬಾಯಿಗೆ ಕಲ್ಲು ಬಿತ್ತೆಂದರೆ ಅದರ ಸುದ್ದಿ ಅಲ್ಲಿಗೆ ಮುಗಿಯಿತು. ನೀರು ಸತ್ತಮೇಲೆ ವೈರೂ ಸತ್ತಿತೆಂದೇ ಎಲ್ಲರ ಲೆಕ್ಕ. ನನಗೆ ಸಿಟ್ಟು ನೆತ್ತಿಗೇರಿತು. "ನಗ್ತಾ ಕೂತಿರಿ, ಎದ್ದೀರಾ ಜೋಕೆ" ಎಂದು ಬೈದು, ಹೊಲದ ಯಜಮಾನರನ್ನು ಕೇಳಿಕೊಂಡು ಬರಲು ಹೊರಟೆ.

ಮನೆ ಟೊಮೇಟೊ ಸಾಲುಗಳ ಆ ತುದಿಯಲ್ಲಿತ್ತು. ಜಗಲಿಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ಮಗ ಟೊಮೇಟೊ ಮಂಡಿಗೆ ಹೋಗಿದ್ದಾನೆ ಅಂದರು. ಬದಿಯ ಬೋರಿನ ಬಗ್ಗೆ ಕೇಳಿದೆ.

"ಅದು ಎಂದೋ ಚಚ್ಚಿಪೋಯಿಂದಮ್ಮಾ" ಅಂದರು, ಸತ್ತೇ ಹೋಯಿತು ಎಂದು ತೆಲುಗಿನಲ್ಲಿ. ಮತ್ತೆ ಕನ್ನಡಕ್ಕೆ ಬಂದು, "ಹನಿ ನೀರಿಲ್ಲ. ಈಗ ಎಲ್ಲಾ ಆ ಕಡೆ ಹೊಸ ಬೋರಿಂದಾನೇ" ಅಂದರು.

"ಹೊಸ ಬೋರಿಗೆ ಕರೆಂಟು ಎಲ್ಲಿಂದ ಹೋಗುತ್ತಮ್ಮಾ?"

"ಈ ಪೆಟ್ಗೆಯಿಂದಾನೇ." ಗೋಡೆಯ ಮೇಲಿನ ಸ್ಟಾರ್ಟರ್ ಪೆಟ್ಟಿಗೆಯ ಕಡೆ ಕೈ ತೋರಿಸಿದರು. "ಹಳೇ ವೈರು ಚೆನ್ನಾಗೈತಲ್ಲ, ಯಾಕೆ ದಂಡ ಮಾಡೋದು ಅಂತ ನನ್ಮಗ ಸತ್ತ ಬೋರಿನ ಹತ್ರಾನೇ ಜಾಯಿಂಟ್ ಹಾಕಿ ಹೊಸದಕ್ಕೆ ಎಳ್ಕೊಂಡ."

ಪೆಟ್ಟಿಗೆಯನ್ನು ನೋಡಿದೆ. ಆಟೋಗೆ ಹಾಕಿಟ್ಟಿದ್ದರು. ಲೈನಿಗೆ ತ್ರೀ ಫೇಸ್ ಬಂದ ಗಳಿಗೆಯಲ್ಲಿ ಯಾರ ಕೈಯೂ ತಾಗದೆ ಮೋಟರು ತಾನಾಗಿ ಎದ್ದುಕೊಳ್ಳುತ್ತದೆ.

"ಇವತ್ತು ಕರೆಂಟು ಎಷ್ಟೊತ್ತಿಗೆ?"

"ಬರೋ ಹೊತ್ತೇ ಇದು."

ಪೆಟ್ಟಿಗೆ ಆಫ್ ಮಾಡೋಣವೆಂದು ಕೈ ಚಾಚಿದೆ. ಅದಕ್ಕೆ ಬೀಗ, ಬೀಗದ ಕೈ ಮಗನ ಜೇಬಿನಲ್ಲಿ. ನಾನು ಓಡಿದೆ. ಟೊಮೇಟೊಗೆ ಕಟ್ಟಿದ್ದ ದಾರಗಳು ಕಾಲಿಗೆ ಸಿಕ್ಕಿ ಎರಡು ಸಲ ಬಿದ್ದೆ. ಓಡುತ್ತಾ ಕೂಗಿದೆ, ಯಾರಿಗೂ ಕೇಳಿಸಲಿಲ್ಲ. ಅಷ್ಟು ದೂರದಿಂದಲೇ ಕಾಣುತ್ತಿತ್ತು, ಬದಿಯಲ್ಲಿ ಹಾರೆಯೊಂದು ಮೇಲೇಳುತ್ತಿತ್ತು, ಇಳಿಯುತ್ತಿತ್ತು.

ನಾನು ಹೋಗುವಷ್ಟರಲ್ಲಿ ಅಣ್ಣ ಮೊಣಕಾಲ ಮಟ್ಟಕ್ಕೆ ಇಳಿದಿದ್ದ. ಸುಮ್ಮನೆ ಕೂರಲಾರದೆ, ಕರೆಂಟು ಬರುವಷ್ಟರಲ್ಲಿ ಒಂದು ಮಟ್ಟ ಮುಗಿಸಿಬಿಡೋಣ ಎಂದು ತಾನೇ ಶುರು ಮಾಡಿದ್ದನಂತೆ. ಹಾರೆ ಯಾವುದಕ್ಕೋ ಸಿಕ್ಕಿಕೊಂಡಿತ್ತು. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಕೀಳುತ್ತಿದ್ದ. ಹಾರೆಯ ಮೂತಿ ಹೊಕ್ಕಿದ್ದ ಕಡೆ ಮಣ್ಣಿನ ನಡುವೆ ಕಪ್ಪು ಪೈಪಿನ ಸಿಪ್ಪೆ ಕಾಣಿಸಿತು.

"ಬಿಡು! ಹಾರೆ ಬಿಡೋ!"

"ಇರೇ, ಬೇರಿಗೆ ಸಿಕ್ಕೈತೆ..."

"ಬೇರಲ್ಲ! ಬಿಡು ಅಂತೀನಿ! ಕರೆಂಟು ಬರ್ತದೆ!"

ತಲೆ ಎತ್ತಿ ನನ್ನನ್ನು ನೋಡಿ ಹಲ್ಲು ಕಿರಿದ. ಮೈಯೆಲ್ಲ ಮಣ್ಣು ಮೆತ್ತಿಕೊಂಡು ನಿಂತಿದ್ದ ನನ್ನ ಅವತಾರ ನೋಡಿ ನಗು ಬಂದಿರಬೇಕು. ಕೈ ಇನ್ನೂ ಹಾರೆಯ ಮೇಲೇ ಇತ್ತು. ಗುಂಡಿಯಲ್ಲಿರುವವನು ಕರೆಂಟಿಗೆ ಸಿಕ್ಕರೆ ಮೇಲಿನವರು ಇಳಿದು ಹಿಡಿಯಕೂಡದು, ಹಿಡಿದವನೂ ಹೋಗುತ್ತಾನೆ. ಊರೂರಿಗೆ ನಾನೇ ಹೇಳುವ ಮಾತು. ಆಗ ಅದು ನೆನಪಿಗೆ ಬಂತು, ಬಂದರೂ ನನ್ನ ಒಂದು ಕಾಲು ಗುಂಡಿಯ ಅಂಚಿನಿಂದ ಕೆಳಕ್ಕೆ ಜಾರುತ್ತಿತ್ತು. ನಾನು ಅಳುವುದಕ್ಕೆ ಶುರುಮಾಡಿದೆ. ಮಗುವಿನ ಹಾಗೆ, ಇಡೀ ಗ್ಯಾಂಗಿನ ಎದುರಿಗೆ.

ನನ್ನ ತರಬೇತಿಗೆ ಬಗ್ಗದವನು ಅಳುವಿಗೆ ಬಗ್ಗಿದ. "ಆಯ್ತು ಮಾರಾಯ್ತಿ, ಬಿಟ್ಟೆ, ನೋಡು" ಎಂದು ಎರಡೂ ಕೈ ಮೇಲೆತ್ತಿ ತೋರಿಸಿದ. ಮೇಸ್ತ್ರಿ ಕೈ ಕೊಟ್ಟು ಎಳೆದರು. ಹಾರೆ ನೆಟ್ಟಗೆ ಅಲ್ಲೇ ನಿಂತಿತ್ತು. ಅಣ್ಣ ಮೇಲೆ ಬಂದು ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತಾ, "ಇವಳ ಕಾಟ ತಡೆಯಕ್ಕಾಗಲ್ಲ" ಎಂದು ಮೇಸ್ತ್ರಿಗೆ ದೂರುತ್ತಿದ್ದ.

ಆಗ ದೂರದ ಹೊಲದಲ್ಲಿ ಯಾರದೋ ಮೋಟರು ಎದ್ದಿತು, ಅದರ ಹಿಂದೆಯೇ ಇನ್ನೊಂದು. ನಮ್ಮ ಗುಂಡಿಯೊಳಗೆ ಡಬ್ಬೆಂದು ಸಿಡಿಯಿತು. ಹಾರೆಯ ಬುಡದಿಂದ ನೀಲಿ ಬೆಂಕಿ ಹಾರಿತು, ಮಣ್ಣು ನಮ್ಮ ಮುಖಕ್ಕೆ ರಾಚಿತು. ಅತ್ತ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸು ಹೋದ ಸದ್ದು ಕೇಳಿ, ಆಮೇಲೆ ಎಲ್ಲ ನಿಂತಿತು. ಸುಟ್ಟ ರಬ್ಬರಿನ ವಾಸನೆ ಬಂತು.

ಅಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ನೀರು ಕೊಟ್ಟೆ. ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ. ಬೈಯಬೇಕೆಂದು ಕೂಡಿಟ್ಟಿದ್ದ ಮಾತೆಲ್ಲ ನನಗೆ ಮರೆತುಹೋಗಿತ್ತು. ಅವನ ಪಕ್ಕ ಕೂತು, ಅವನ ಅಂಗಿಯ ತೋಳನ್ನು ಹಿಡಿದುಕೊಂಡೇ ಇದ್ದೆ.

"ನಾನು ಬಿಡ್ದೇ ಇದ್ದಿದ್ರೆ ನೀನು ಒಳಕ್ಕೆ ಇಳೀತಿದ್ದಲ್ವಾ?" ಅಂದ, ನನ್ನ ಕಡೆ ನೋಡದೆ.

ನಾನು ಅವನ ತೋಳಿನ ಮಣ್ಣು ಕೊಡವತೊಡಗಿದೆ.

"ನೀನು ಕಾಲು ಇಟ್ಟಿದ್ದನ್ನ ನಾನು ನೋಡ್ದೆ. ಇನ್ಮೇಲೆ ಹಂಗೆ ಮಾಡ್ಬೇಡ ಕಣೇ. ನಾನೇ ಒಳಗಿದ್ರೂ ಇಳೀಬೇಡ. ಅಮ್ಮನಿಗೆ ಒಬ್ರಾದ್ರೂ ಇರ್ಬೇಕು. ಹೂಂ ಅನ್ನು."

ಅವನು ಬಿಡಲಿಲ್ಲ, ಹೂಂ ಅಂದೆ. ಅವನು ಈಗಲೂ ದಿನಾ ಗುಂಡಿಗೆ ಇಳಿಯುತ್ತಾನೆ. ನಾನು ಮೇಲೆ ನಿಂತಿರುತ್ತೇನೆ, ಕರೆಂಟಿಗೆ ಹೆದರುವುದಕ್ಕಿಂತ ಹೆಚ್ಚಾಗಿ ಆ ಹೂಂಗೆ ಹೆದರಿಕೊಂಡು.